ಕೌಂಟರಿನ ಹಿಂದೆ ನಿಂತ ಆಪ್ತ

ಶಿಕಾಗೊ, ಬಾಸ್ಟನ್, ಪೋರ್ಟ್‌ಲ್ಯಾಂಡ್‌ನಂಥ ಅಮೆರಿಕದ ಊರುಗಳಲ್ಲಿ ಕ್ರಾಫ್ಟ್ ಬಿಯರ್‌ಗೆಂದೇ ಅಂಗಡಿಗಳಿವೆ. ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಫ್ರಿಜ್‌ಗಳು, ನಡುವೆ ಶೆಲ್ಫುಗಳು, ಅವುಗಳ ತುಂಬ ಕಾಮಿಕ್ ಪುಸ್ತಕದ ಮುಖಪುಟಗಳಂತೆ ಬಣ್ಣ ಬಳಿದುಕೊಂಡ ಕ್ಯಾನುಗಳು. ಹೆಸರು ಓದಿದರೆ ಒಳಗೇನಿದೆ ಎಂದು ತಿಳಿಯುವುದಿಲ್ಲ, ತೆರೆದು ರುಚಿ ನೋಡುವಂತೆಯೂ ಇಲ್ಲ. ಗಿರಾಕಿ ಕೌಂಟರಿನ ಹಿಂದಿರುವ ಹುಡುಗನನ್ನೇ ಕೇಳಬೇಕು: ಹೊಸದಾಗಿ ಬಂದ ಒಳ್ಳೆಯ ಐಪಿಎ ಯಾವುದಿದೆ? ಹುಡುಗ ಕೈ ಚಾಚಿ ಒಂದು ಕ್ಯಾನ್ ತೆಗೆದುಕೊಡುತ್ತಾನೆ. "ಇದು ತಗೊಳ್ಳಿ, ಫ್ರೆಶ್ ಆಗಿದೆ." ಕ್ಯಾನಿನ ತಳ ತಿರುಗಿಸಿ ಅವನು ನೋಡಿಲ್ಲ.

ತಾರೀಖು ಇರುವುದು ತಳದಲ್ಲಿ. ಕೆಲವು ಬ್ರುವರಿಗಳು ದಿನ, ತಿಂಗಳು, ವರ್ಷ ಎಂದು ನೇರವಾಗಿ ಅಚ್ಚು ಹಾಕುತ್ತವೆ. ಇನ್ನು ಕೆಲವು ವರ್ಷದ ಎಷ್ಟನೆಯ ದಿನ ಎಂಬ ಲೆಕ್ಕದಲ್ಲಿ ಮೂರಂಕಿ ಕೊಡುತ್ತವೆ. 121 ಎಂದಿದ್ದರೆ ಮೇ 1, ಅಧಿಕ ವರ್ಷವಾದರೆ ಏಪ್ರಿಲ್ 30. ಇದು ಗೊತ್ತಿಲ್ಲದ ಗಿರಾಕಿಗೆ ಅದೊಂದು ಮಸುಕು ಶಾಯಿಯ ಗೀರು ಅಷ್ಟೆ. ಹಾಗಾದರೆ ಆ ಹುಡುಗ ಹೇಳಿದ್ದು ಸುಳ್ಳೆ? ಕ್ಯಾನ್ ಹಳೆಯದೆಂದು ಅವನಿಗೆ ಗೊತ್ತಿರಲಿಲ್ಲ, ಹೊಸದೆಂದೂ ಗೊತ್ತಿರಲಿಲ್ಲ. ಮೋಸ ಮಾಡುವ ಇರಾದೆ ಅವನಿಗಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಎಲ್ಲೋ ಏನೋ ತಪ್ಪಿದೆ ಎಂದು ಅನಿಸುತ್ತದಲ್ಲ, ಆ ತಪ್ಪು ಯಾವ ಜಾತಿಯದು?

ಪ್ರಶ್ನೆ ಕ್ಷುಲ್ಲಕ ಎನಿಸಬಹುದು. ಹಳೆಯ ಬಿಯರ್ ಕುಡಿದು ಯಾರ ಹೊಟ್ಟೆಯೂ ಕೆಡುವುದಿಲ್ಲ. ಆದರೆ ಐಪಿಎ ಎಂಬ ಬಗೆಯ ಬಿಯರ್‌ಗೆ ಜನ ದುಬಾರಿ ಬೆಲೆ ತೆರುವುದೇ ಹಾಪ್ಸ್ ಹೂವಿನ ಪರಿಮಳಕ್ಕೆ. ಮೊದಲು ಹೋಗುವುದೂ ಅದೇ. ಆಮ್ಲಜನಕ ಬೆರೆಯುತ್ತ ಹೋದಂತೆ ಟ್ರಾನ್ಸ್-2-ನೊನೆನಾಲ್ ಎಂಬ ಸಂಯುಕ್ತ ತಲೆಯೆತ್ತಿ ಬಿಯರ್ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ. ಬ್ರುವರಿಯವರ ಬಾಯಲ್ಲಿ 3-30-300 ಎಂಬ ಒಂದು ಸ್ಥೂಲ ಲೆಕ್ಕವಿದೆ: ಸುಮಾರು 32 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, ಫ್ರಿಜ್ಜಿನ 3 ಡಿಗ್ರಿ ತಂಪಿನಲ್ಲಿ 300 ದಿನ, ಈ ಮೂರರಲ್ಲೂ ಬಿಯರ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮುದಿಯಾಗುತ್ತದೆ. ಬೆಳಕಿನದು ಇನ್ನೊಂದು ಕಾಟ. ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಜೋಡಿಸಿಟ್ಟರೆ ಹಾಪ್ಸ್‌ನ ಕಹಿ ಅಂಶ ಒಡೆದು, ಸ್ಕಂಕ್ ಎಂಬ ಪ್ರಾಣಿ ಬಿಡುವಂಥ ನಾತ ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ.

ಇಷ್ಟೂ ಗೊತ್ತಿದ್ದೇ ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರುವರಿಯವರು ತಮ್ಮ 'ಪ್ಲಿನಿ ದಿ ಎಲ್ಡರ್' ಬಾಟಲಿಯ ಲೇಬಲ್ ಮೇಲೆಲ್ಲ ಕೂಡಿಡಬೇಡಿ, ಬೇಗ ಕುಡಿಯಿರಿ, ತಣ್ಣಗಿಡಿ ಎಂದು ಗೋಗರೆಯುತ್ತಾರೆ. ಸ್ಟೋನ್ ಬ್ರುವರಿ 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಂಥ ದಿನದೊಳಗೆ ಕುಡಿಯಿರಿ ಎಂಬ ತಾರೀಖನ್ನೇ ಬಿಯರಿನ ಹೆಸರಾಗಿ ದೊಡ್ಡಕ್ಷರದಲ್ಲಿ ಮುದ್ರಿಸಿತು. ತಯಾರಕರಿಗೆ ಅಂಗಡಿಯವನ ಮೇಲೆ ಎಷ್ಟು ನಂಬಿಕೆಯಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಹಾಗೆಂದು ಹಳೆಯದೆಲ್ಲ ಕೆಟ್ಟದ್ದು ಎನ್ನುವಂತೆಯೂ ಇಲ್ಲ. ವಿಸ್ಕಿ ಪೀಪಾಯಿಯಲ್ಲಿ ಮಾಗಿಸಿದ ಸ್ಟೌಟ್ ಎಂಬ ಗಟ್ಟಿ ಬಿಯರ್ ವರ್ಷಗಟ್ಟಲೆ ಇಟ್ಟರೂ ತಾಳುತ್ತದೆ, ಕೆಲವೊಮ್ಮೆ ಮತ್ತಷ್ಟು ಹದಗೊಳ್ಳುತ್ತದೆ. ಹೀಗಾಗಿ 'ಹಳೆಯದೋ ಹೊಸದೋ' ಎಂಬ ಒಂದೇ ಪ್ರಶ್ನೆಗೆ ಪ್ರತಿ ಬಾಟಲಿಗೂ ಬೇರೆ ಉತ್ತರ. ಆ ಉತ್ತರ ತಿಳಿದಿರುವುದೇ ಅಂಗಡಿಯವನ ಕಸುಬು.

ಕೆಡುತ್ತಿರುವ ಪೇಯ ಮಾರುವವನ ಧರ್ಮಸಂಕಟ ಎರಡು ಸಾವಿರ ವರ್ಷದ ಹಿಂದೆಯೇ ಚರ್ಚೆಗೆ ಬಂದಿತ್ತು. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ತನ್ನ ಮಗನಿಗೆಂದು ಬರೆದ ಕರ್ತವ್ಯಗಳ ಕುರಿತ ಗ್ರಂಥದ ಮೂರನೇ ಭಾಗದಲ್ಲಿ ಇಬ್ಬರು ಸ್ಟೋಯಿಕ್ ಗುರುಗಳ ಜಗಳವನ್ನು ದಾಖಲಿಸಿದ್ದಾನೆ. ಒಬ್ಬ ಬ್ಯಾಬಿಲೋನಿನ ಡಯೋಜಿನಿಸ್, ಇನ್ನೊಬ್ಬ ಅವನ ಶಿಷ್ಯ ಟಾರ್ಸಸ್ಸಿನ ಆಂಟಿಪೇಟರ್. ವೈನ್ ಹುಳಿಯಾಗುತ್ತಿದೆ ಎಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಹೇಳಬೇಕೆ? ಬೇಕಿಲ್ಲ ಎಂದ ಡಯೋಜಿನಿಸ್. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ತಿಳಿದದ್ದನ್ನೆಲ್ಲ ಉಸುರಿದರೆ ವ್ಯಾಪಾರವೆಂಬುದೇ ಉಳಿಯದು ಎಂಬ ವಾದ ಅವನದು. ಆಂಟಿಪೇಟರ್ ಒಪ್ಪಲಿಲ್ಲ. ಮನುಷ್ಯರು ಒಂದೇ ಸಮಾಜದವರು. ಕೊಳ್ಳುವವನಿಗೆ ತಿಳಿದರೆ ಒಳ್ಳೆಯದಾಗುವ ಸಂಗತಿಯನ್ನು ಲಾಭಕ್ಕಾಗಿ ನುಂಗಿಕೊಳ್ಳುವುದು ಸಜ್ಜನನ ಲಕ್ಷಣವಲ್ಲ ಎಂದ. ಸಿಸೆರೊ ಆಂಟಿಪೇಟರ್ ಕಡೆಗೇ ವಾಲಿದ.

ಆದರೆ ಈ ಜಗಳ ನಮ್ಮ ಹುಡುಗನನ್ನು ಮುಟ್ಟುವುದೇ ಇಲ್ಲ. ಗುರು ಶಿಷ್ಯರಿಬ್ಬರೂ ಮಾರುವವನಿಗೆ ಗೊತ್ತಿದೆ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ. ಗೊತ್ತೇ ಇಲ್ಲದೆ ಗೊತ್ತಿರುವವನ ಧಾಟಿಯಲ್ಲಿ ಮಾತಾಡುವವನನ್ನು ಎಲ್ಲಿ ಕೂರಿಸುವುದು?

ಇದಕ್ಕೆ ನ್ಯಾಯ ದರ್ಶನದಲ್ಲಿ ಒಂದು ಹಿಡಿ ಸಿಗುತ್ತದೆ. ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಅಂದರೆ ಇನ್ನೊಬ್ಬರ ಮಾತನ್ನೂ ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ. ಆದರೆ ಆ ಮಾತು ಆಪ್ತನದಾಗಿರಬೇಕೆಂದು ಗೌತಮನ ಸೂತ್ರ. ಆಪ್ತ ಯಾರು ಎಂಬುದನ್ನು ಭಾಷ್ಯಕಾರ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇವನು ಬೇರೆ) ಬಿಡಿಸಿ ಹೇಳುತ್ತಾನೆ: ವಿಷಯವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತದ್ದನ್ನು ಅರಿತಂತೆಯೇ ತಿಳಿಸುವ ಇಚ್ಛೆಯಿರಬೇಕು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಶಾಸ್ತ್ರಗ್ರಂಥವೊಂದರಲ್ಲಿ ಈ ಮಾತು ಬಂದಿರುವುದು ಸಣ್ಣ ಸಂಗತಿಯಲ್ಲ. ಪ್ರಾಮಾಣ್ಯ ಕುಲದಿಂದ ಬರುವುದಿಲ್ಲ, ಪೀಠದಿಂದಲೂ ಬರುವುದಿಲ್ಲ. ಎಂದ ಮೇಲೆ ಬಾಸ್ಟನ್ನಿನ ಬಿಯರ್ ಅಂಗಡಿಯ ಹುಡುಗನಿಗೂ ಆಪ್ತನಾಗುವ ದಾರಿ ತೆರೆದಿದೆ. ಅವನು ಎರಡು ಷರತ್ತು ಪೂರೈಸಬೇಕು. ಅವನ 'ಫ್ರೆಶ್' ಎಂಬ ಮಾತು ಮೊದಲನೆಯದರಲ್ಲೇ ಎಡವುತ್ತದೆ.

ಬಿಯರ್ ನಿಜಕ್ಕೂ ಹೊಸದೇ ಆಗಿದ್ದರೆ? ಮನೆಗೆ ಹೋಗಿ ತಳ ನೋಡಿದ ಗಿರಾಕಿಗೆ ಕಳೆದ ವಾರದ ತಾರೀಖು ಕಂಡರೆ? 12ನೇ ಶತಮಾನದ ಶ್ರೀಹರ್ಷ ತನ್ನ 'ಖಂಡನಖಂಡಖಾದ್ಯ'ದಲ್ಲಿ ಇಂಥದೇ ಒಂದು ಪೇಚು ಒಡ್ಡುತ್ತಾನೆ. ಒಬ್ಬ ಮುಷ್ಟಿಯಲ್ಲಿ ಕವಡೆ ಹಿಡಿದು ಎಷ್ಟಿವೆ ಎಂದು ಕೇಳುತ್ತಾನೆ, ಇನ್ನೊಬ್ಬ ಸುಮ್ಮನೆ ಐದು ಎನ್ನುತ್ತಾನೆ, ಇರುವುದೂ ಐದೇ. ಮಾತು ನಿಜವಾಯಿತು, ಆದರೆ ಅವನಿಗೆ ಗೊತ್ತಿತ್ತು ಎನ್ನಲಾದೀತೆ? ಇಂಗ್ಲೆಂಡಿನ ವಿಲಿಯಂ ಕ್ಲಿಫರ್ಡ್ 1877ರ ಪ್ರಬಂಧವೊಂದರಲ್ಲಿ ಇದರ ನೈತಿಕ ಮುಖವನ್ನು ಹಿಡಿದ. ಹಳೆಯ ಹಡಗಿನ ಮಾಲೀಕನೊಬ್ಬ ರಿಪೇರಿಯ ಅನುಮಾನವನ್ನು ಮನಸ್ಸಿನಿಂದ ಒತ್ತಿಹಾಕಿ, ಹಡಗು ಗಟ್ಟಿಯಾಗಿದೆ ಎಂದು ತಾನೇ ನಂಬಿಕೊಂಡು ಪ್ರಯಾಣಿಕರನ್ನು ಕಳಿಸುತ್ತಾನೆ. ಹಡಗು ಮುಳುಗಿದರೆ ಅವನು ತಪ್ಪಿತಸ್ಥ, ಸರಿ. ಸುರಕ್ಷಿತವಾಗಿ ದಡ ಸೇರಿದರೂ ತಪ್ಪು ಅಷ್ಟೇ ಎನ್ನುತ್ತಾನೆ ಕ್ಲಿಫರ್ಡ್. ಹಾಗೆ ನಂಬಲು ಅವನಿಗೆ ಹಕ್ಕಿರಲಿಲ್ಲ. ಆರೇಳು ಡಾಲರಿನ ಕ್ಯಾನಿಗೆ ಇಷ್ಟು ಭಾರದ ನ್ಯಾಯ ಹೇರಬೇಕೆ ಎಂದು ಕೇಳಿದರೆ ಹೇರಬೇಕು ಎನ್ನದೆ ವಿಧಿಯಿಲ್ಲ, ಏಕೆಂದರೆ ಆ ಹುಡುಗ ಮಾರುತ್ತಿರುವುದು ಕ್ಯಾನನ್ನು ಮಾತ್ರವಲ್ಲ. ಬರೀ ಕ್ಯಾನ್ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಇಲ್ಲಿಗೆ ಬರುವವರು ಅವನ ಮಾತಿಗಾಗಿ ಬರುತ್ತಾರೆ.

ಬೆಂಗಳೂರಿನ ಎಂಆರ್‌ಪಿ ಅಂಗಡಿಯಲ್ಲಿ ಈ ತೊಡಕೇ ಇಲ್ಲ. ಕಬ್ಬಿಣದ ಜಾಲರಿಯ ಸಂದಿಯಲ್ಲಿ ದುಡ್ಡು ಚಾಚಿ ಬ್ರ್ಯಾಂಡ್ ಹೆಸರು ಕೂಗಬೇಕು, ಪೇಪರ್ ಸುತ್ತಿದ ಬಾಟಲಿ ಹೊರಬರುತ್ತದೆ. ಯಾರೂ ಸಲಹೆ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಸಲಹೆ ಕೊಡುವೆನೆಂದು ನಿಂತವನಿಗಷ್ಟೇ ಅರಿವಿನ ಹೊಣೆ ಅಂಟಿಕೊಳ್ಳುತ್ತದೆ.

ಅರಿವನ್ನಾದರೆ ಪರೀಕ್ಷೆ ಮಾಡಿ ಅಳೆಯಬಹುದು. ರೇ ಡೇನಿಯಲ್ಸ್ ಎಂಬ ಬಿಯರ್ ಲೇಖಕ ಶುರುಮಾಡಿದ ಸಿಸೆರೋನ್ ಪ್ರಮಾಣಪತ್ರ 2008ರಿಂದ ನಡೆಯುತ್ತಿದೆ. ಈಗ ನಾಲ್ಕು ಹಂತಗಳಿವೆ. ಮೊದಲನೆಯದು ಆನ್‌ಲೈನಿನಲ್ಲೇ ಮುಗಿಯುತ್ತದೆ. ಕೊನೆಯದನ್ನು ದಾಟಿದವರು ಜಗತ್ತಿನಲ್ಲೇ ವಿರಳ. ಬಿಯರ್ ಹೇಗೆ ಕೆಡುತ್ತದೆ, ಹೇಗೆ ಇಡಬೇಕು, ಯಾವ ಬಗೆಗೆ ಯಾವ ರುಚಿ ಎಂಬುದೆಲ್ಲ ಪಠ್ಯದಲ್ಲಿದೆ. ಆದರೂ ಒಂದು ಸೋಜಿಗ ಉಳಿಯುತ್ತದೆ. ಅಮೆರಿಕದಲ್ಲಿ ಕುಡಿಯುವ ವಯಸ್ಸು 21. ಅನೇಕ ರಾಜ್ಯಗಳಲ್ಲಿ ಬಿಯರ್ ಮಾರಲು 18 ಸಾಕು. ಅಂದರೆ ಕೌಂಟರಿನ ಹಿಂದಿರುವ 19ರ ಹುಡುಗಿ ತಾನು ಮಾರುವುದನ್ನು ಕಾನೂನಿನ ಪ್ರಕಾರ ಬಾಯಿಗಿಡುವಂತಿಲ್ಲ. ಕುಡಿಯದ ಭಾರತೀಯ ಮೂಲದವರು ನಡೆಸುವ ಲಿಕ್ಕರ್ ಸ್ಟೋರುಗಳಿಗೂ ಅಲ್ಲಿ ಬರವಿಲ್ಲ. ಇವರು ಆಪ್ತರೆ? ವಾತ್ಸ್ಯಾಯನನ ಅಳತೆಯಲ್ಲಿ ಉತ್ತರ ವಿಷಯಕ್ಕೆ ತಕ್ಕಂತೆ ಬದಲಾಗಬೇಕಾಗುತ್ತದೆ. ಡಬ್ಬ ಯಾವಾಗ ಬಂತು, ಬಂದಂದಿನಿಂದ ಫ್ರಿಜ್ಜಿನಲ್ಲಿತ್ತೋ ಹೊರಗಿತ್ತೋ ಎಂಬುದಕ್ಕೆ ಆ ಹುಡುಗಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ರುಚಿಯ ವಿಷಯದಲ್ಲಿ ಮಾತ್ರ ಅವಳು ಕೇಳಿದ್ದನ್ನು ಕೇಳಿದ್ದೆಂದೇ ಹೇಳಬೇಕು. "ನಾನು ಕುಡಿದಿಲ್ಲ, ನಮ್ಮಲ್ಲಿ ಕೆಲಸ ಮಾಡುವವರು ಇದನ್ನೇ ಮನೆಗೊಯ್ಯುತ್ತಾರೆ" ಎಂದಳೆಂದರೆ ಅದು ಹತ್ತು ವಿಶೇಷಣಗಳಿಗಿಂತ ತೂಕದ ಮಾತು.

ಎರಡನೆಯ ಷರತ್ತಾದ ಇಚ್ಛೆಯನ್ನು ಯಾವ ಪರೀಕ್ಷೆಯೂ ಅಳೆಯದು. ಹಳೆಯ ಕ್ಯಾನುಗಳು ಉಳಿದರೆ ನಷ್ಟ ಅಂಗಡಿಗೆ. ಮಾರಿ ಮುಗಿಸು ಎಂದು ಮಾಲೀಕ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದರ ಮೇಲೆ ತಯಾರಕರ, ವಿತರಕರ ದುಡ್ಡೂ ಸೇರಿದರೆ ಮುಗಿಯಿತು. 1933ರಲ್ಲಿ ಪಾನನಿಷೇಧ ತೆರವಾದ ಮೇಲೆ ಅಮೆರಿಕ ತಯಾರಕ, ವಿತರಕ, ಚಿಲ್ಲರೆ ವ್ಯಾಪಾರಿ ಮೂವರನ್ನೂ ಬೇರೆ ಬೇರೆ ಇಟ್ಟದ್ದು, ಒಬ್ಬರು ಇನ್ನೊಬ್ಬರ ಶೆಲ್ಫನ್ನು ಕೊಂಡುಕೊಳ್ಳಬಾರದೆಂದೇ. ಆದರೂ 2014ರಲ್ಲಿ ಬಾಸ್ಟನ್ ಬಾರುಗಳಲ್ಲಿ ಹಣ ಕೊಟ್ಟವರ ಬಿಯರ್‌ಗೆ ಮಾತ್ರ ನಲ್ಲಿ ಸಿಗುತ್ತದೆ ಎಂದು ತಯಾರಕನೊಬ್ಬ ಬಹಿರಂಗವಾಗಿ ದೂರಿದ. ವಿಚಾರಣೆ ನಡೆದು, 2016ರಲ್ಲಿ ಅಲ್ಲಿನ ಒಂದು ವಿತರಣಾ ಸಂಸ್ಥೆ ಸುಮಾರು 26 ಲಕ್ಷ ಡಾಲರ್ ದಂಡ ತೆತ್ತಿತು. ಅಂಥ ಬಾರಿನಲ್ಲಿ ಕೆಲಸದವನು ಬಿಯರ್ ಬಗ್ಗೆ ಎಲ್ಲವನ್ನೂ ಅರಿತಿರಬಹುದು, ಹೇಳಿದ ಪ್ರತಿ ಮಾತೂ ನಿಜವಿರಬಹುದು. ಯಾವುದನ್ನು ಹೇಳಬೇಕು ಎಂಬುದನ್ನು ಬೇರೆಯವರು ಆಗಲೇ ತೀರ್ಮಾನಿಸಿಯಾಗಿದೆ.

ಧರ್ಮದ ಪ್ರಶ್ನೆಯೆಂದ ಮೇಲೆ ಇನ್ನೊಂದು ಆಕ್ಷೇಪ ಬಂದೇ ಬರುತ್ತದೆ: ಹೆಂಡ ಮಾರುವವನಿಗೆ ಎಂಥ ಸತ್ಯ? ಬುದ್ಧ ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳಲ್ಲಿ ಮದ್ಯವೂ ಒಂದು. ಮಹಾಭಾರತದ ಶಾಂತಿಪರ್ವದಲ್ಲಿ ಜಟೆಯಲ್ಲಿ ಹಕ್ಕಿ ಗೂಡು ಕಟ್ಟುವಷ್ಟು ತಪಸ್ಸು ಮಾಡಿದ ಜಾಜಲಿ, ಧರ್ಮ ಕಲಿಯಲು ಹೋದದ್ದು ಕಾಶಿಯ ವರ್ತಕ ತುಲಾಧಾರನ ಬಳಿಗೆ. ತಾನು ಕಪಟವಿಲ್ಲದೆ ಕೊಂಡು ಮಾರುವ ಸರಕುಗಳನ್ನು ತುಲಾಧಾರ ಪಟ್ಟಿ ಮಾಡುತ್ತಾನೆ. ರಸಪದಾರ್ಥಗಳ ಮಾತು ಬಂದಾಗ ಮದ್ಯವೊಂದನ್ನು ಬಿಟ್ಟು ಎನ್ನುತ್ತಾನೆ. ವ್ಯಾಪಾರದಲ್ಲೇ ಧರ್ಮ ಕಂಡ ಮನುಷ್ಯನೂ ಇಲ್ಲಿ ಗೆರೆ ಎಳೆದ. ಆ ಗೆರೆಯ ಆಚೆ ಕೂತವನೊಬ್ಬ ಕನ್ನಡದಲ್ಲೇ ಸಿಗುತ್ತಾನೆ. 12ನೇ ಶತಮಾನದ ಶರಣ ಹೆಂಡದ ಮಾರಯ್ಯ, ಧರ್ಮೇಶ್ವರಲಿಂಗ ಅವನ ಅಂಕಿತ. ಉಳಿದಿರುವ ಕೆಲವೇ ವಚನಗಳಲ್ಲಿ ತನ್ನ ವೃತ್ತಿಯ ಮಾತುಗಳಲ್ಲೇ ಅನುಭಾವದ ಮಾತಾಡಿದ. ಕಸುಬಿನ ಹೆಸರು ಅವನ ಹೆಸರಿಗೇ ಅಂಟಿದೆ; ಅದನ್ನು ತೊಳೆಯಬೇಕೆಂದು ಶರಣರಿಗೂ ಅನಿಸಲಿಲ್ಲ.

ಕ್ರೈಸ್ತ ಮಠಗಳು ಗೆರೆ ಎಳೆಯುವ ಬದಲು ನಿಯಮ ಮಾಡಿದವು. ಆರನೇ ಶತಮಾನದ ಸಂತ ಬೆನಡಿಕ್ಟನ ನಿಯಮಾವಳಿಯ 57ನೇ ಅಧ್ಯಾಯ ಮಠದ ಕುಶಲಕರ್ಮಿಗಳ ಕುರಿತದ್ದು. ಮಾರುವಾಗ ವಂಚನೆ ಕೂಡದು, ದುರಾಸೆ ಕೂಡದು, ಹೊರಗಿನವರಿಗಿಂತ ಕೊಂಚ ಕಡಿಮೆ ಬೆಲೆಗೇ ಮಾರಬೇಕು ಎಂದು ಅಲ್ಲಿದೆ. ಬೆಲ್ಜಿಯಂನ ವೆಸ್ಟ್‌ವ್ಲೆಟರೆನ್ ಊರಿನ ಸೇಂಟ್ ಸಿಕ್ಸ್‌ಟಸ್ ಮಠದ ಟ್ರಾಪಿಸ್ಟ್ ಸನ್ಯಾಸಿಗಳು ಈ ನಿಯಮದವರೇ. ಅವರ ಬಿಯರ್‌ಗೆ ದಶಕಗಳ ಕಾಲ ಲೇಬಲ್ಲೇ ಇರಲಿಲ್ಲ. ಹೇಳಬೇಕಾದ್ದೆಲ್ಲ ಮುಚ್ಚಳದ ಮೇಲಿರುತ್ತಿತ್ತು. ಬಹುಕಾಲ ಫೋನ್ ಮಾಡಿ ಸರದಿ ಪಡೆದು ಮಠದ ಬಾಗಿಲಿಗೇ ಹೋಗಿ ತರಬೇಕಿತ್ತು. ಮತ್ತೊಬ್ಬರಿಗೆ ಮಾರುವುದಿಲ್ಲ ಎಂದು ಕೊಳ್ಳುವವನು ಒಪ್ಪಬೇಕು. ಇಲ್ಲಿ ಮಾತು ಕೊಡಬೇಕಾದವನು ಗಿರಾಕಿ.

2018ರ ಮಾರ್ಚಿನಲ್ಲಿ ಯಾನ್ ಲಿಂಡರ್ಸ್ ಎಂಬ ಡಚ್ ಸೂಪರ್‌ಮಾರ್ಕೆಟ್ ಸರಣಿಯ ಶೆಲ್ಫುಗಳಲ್ಲಿ ಈ ಬಿಯರ್ ಕಾಣಿಸಿಕೊಂಡಿತು, ಬಾಟಲಿಗೆ ಹತ್ತಿರ ಹತ್ತಿರ 10 ಯೂರೊ. ಮಠದಲ್ಲಿ ಅದರ ಬೆಲೆ 2 ಯೂರೊಗೂ ಕಡಿಮೆಯಿತ್ತು. ಸನ್ಯಾಸಿಗಳು ಬಹಿರಂಗವಾಗಿ ಆಕ್ಷೇಪಿಸಿದರು. ಸೂಪರ್‌ಮಾರ್ಕೆಟ್ ಗಿರಾಕಿಗೆ ಯಾವ ಸುಳ್ಳನ್ನೂ ಹೇಳಿರಲಿಲ್ಲ: ಬಿಯರ್ ಅಸಲಿ, ಬೆಲೆ ಕಣ್ಣೆದುರಿಗೆ. ಡಯೋಜಿನಿಸ್ ಇದಕ್ಕೆ ಪೂರ್ತಿ ಅಂಕ ಕೊಡುತ್ತಿದ್ದ. ಆದರೆ ಅದು ಶೆಲ್ಫಿಗೆ ಬರುವ ದಾರಿಯಲ್ಲಿ ಯಾರೋ ಕೊಟ್ಟ ಮಾತು ಮುರಿದಿದ್ದರು. ಗಲ್ಲಾದ ಬಳಿ ನಿಂತವರನ್ನು ಕೇಳಿದ್ದರೆ ಇದನ್ನು ಹೇಳಬೇಕಿತ್ತೆ, ಹೇಳುವಷ್ಟು ಅವರಿಗೆ ಗೊತ್ತಿತ್ತೆ ಎಂಬ ಪ್ರಶ್ನೆಗೆ ಆಂಟಿಪೇಟರ್ ಕೂಡ ತಡವರಿಸುತ್ತಿದ್ದನೇನೋ. ಮಠದವರು 2019ರಲ್ಲಿ ಫೋನ್ ಸರದಿ ನಿಲ್ಲಿಸಿ ವೆಬ್‌ಸೈಟ್ ತೆರೆದರು. ಹೆಸರು ನೋಂದಾಯಿಸಬೇಕು, ಇತ್ತೀಚೆಗೆ ಕೊಳ್ಳದವರಿಗೆ ಆದ್ಯತೆ, ಮರುಮಾರಾಟ ಮಾಡಬಾರದೆಂಬ ಷರತ್ತು ಹಾಗೇ ಇದೆ.