ಕಟ್ಟಿಸಿದವರ ಊರು, ಬಾಳುವವರ ಊರು

ಬಾದಾಮಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ. ಮಲಪ್ರಭೆಯ ಈ ಸೀಮೆಯಲ್ಲಿ ಊರೂರಿಗೂ ಪ್ರವಾಸಿ ಮಾಹಿತಿ ಕೇಂದ್ರ ಬೇಕು ಅನ್ನುವ ಮಾತು ಕೇಳೋಕೆ ಚೆಂದವೇ. ಬಂದವರಿಗೆ ದಾರಿ ತಿಳಿಯಬೇಕು, ಬಸ್ಸಿನ ಹೊತ್ತು ತಿಳಿಯಬೇಕು, ಕುಡಿಯೋ ನೀರು ಸಿಗಬೇಕು. ಯಾರು ಬೇಡ ಅಂತಾರೆ? ನಮ್ಮ ಪ್ರಶ್ನೆ ಬೇರೆ. ಮೇಜಿನ ಆಚೆ ಕೂತು ಊರಿನ ಕಥೆ ಹೇಳುವವರು ಯಾರು? ಹೇಳುವುದು ಯಾರ ಕಥೆ?

ನಾವು ಮಾಹಿತಿ ಫಲಕದ ಶತ್ರುಗಳಲ್ಲ. ಗುಡಿ ಪುರಾತತ್ವ ಇಲಾಖೆಯ ಕೈಲಿರುವ ಕಡೆ ಗೇಟಿನಲ್ಲಿ ಟಿಕೆಟ್ ಕೇಳುತ್ತಾರೆ, ಜಾತಿ ಕೇಳೋದಿಲ್ಲ. ಹೊಸ್ತಿಲಾಚೆ ನಿಂತು ಕೈ ಮುಗಿದವರ ಮಕ್ಕಳು ನಾವು. ಪೂಜಾರಿಯ ಬಾಯಿ ಕಾಯದೆ ಕಲ್ಲಿನ ಮುಂದೆ ನಿಂತು ನಾವೇ ಓದಿಕೊಳ್ಳುವುದು ನಮಗೆ ಸಣ್ಣ ಸಂಗತಿಯಲ್ಲ. ಹಾಗಾಗಿಯೇ ಅಲ್ಲಿ ಏನು ಬರೆದಿದೆ ಎಂದು ಕೇಳುವ ಹಕ್ಕೂ ನಮಗಿದೆ.

ಏನು ಬರೆದಿರುತ್ತದೆ? ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು. ಕಟ್ಟಿಸಿದಳು! ಈ 'ಇಸು' ಅನ್ನೋ ಪ್ರತ್ಯಯದೊಳಗೆ ಎಷ್ಟು ಜನರ ಬೆನ್ನು ಮುರಿದಿದೆಯೋ. ಅದೇ ಗುಡಿಯ ಶಾಸನ ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಯ ಹೆಸರನ್ನೂ ಹೇಳುತ್ತದೆ. ಎಂಟನೆಯ ಶತಮಾನದ ಕಲ್ಲಿಗೆ ಅಷ್ಟಾದರೂ ಮುಲಾಜು ಇತ್ತು. ಬಂಡೆ ಎಬ್ಬಿಸಿದವರ, ಹೊತ್ತು ತಂದವರ ಹೆಸರು ಅಲ್ಲೂ ಇಲ್ಲ.

ಐಹೊಳೆಗೆ ಬನ್ನಿ. ಲಾಡಖಾನ ಗುಡಿ, ಅಂಬಿಗರ ಗುಡಿ, ಗೌಡರ ಗುಡಿ. ಇವು ಚಾಲುಕ್ಯ ಅರಸರು ಇಟ್ಟ ಹೆಸರುಗಳಲ್ಲ, ಜನರ ಬಾಯಲ್ಲಿ ಹುಟ್ಟಿದವು. ಲಾಡಖಾನ ಎಂಬ ಮುಸಲ್ಮಾನ ವಾಸವಿದ್ದ ಗುಡಿಗೆ ಪುಸ್ತಕಗಳಲ್ಲೂ ಇವತ್ತಿಗೂ ಅವನದೇ ಹೆಸರು. ಸತ್ತವರ ವಾಸ ಹೀಗೆ ಇತಿಹಾಸವಾಯಿತು. ಬದುಕಿರುವವರ ವಾಸ ಮಾತ್ರ ಒತ್ತುವರಿ ಆಯಿತು! ಊರಿನ ಮನೆಗಳನ್ನು ಗುಡಿಗಳ ಮಗ್ಗುಲಿಂದ ಎತ್ತಿಸಬೇಕೆಂಬ ಮಾತು ಎಷ್ಟೋ ವರ್ಷಗಳದು. ಹಂಪಿ ಬಜಾರಿನ ಮಂಟಪಗಳಲ್ಲಿದ್ದ ಮನೆ ಅಂಗಡಿಗಳನ್ನು 2011ರ ಜುಲೈನಲ್ಲಿ ಬುಲ್ಡೋಜರ್ ಕೆಡವಿದ್ದನ್ನು ನಾವು ಮರೆತಿಲ್ಲ.

ಕಾಯಿದೆ ಏನು ಹೇಳುತ್ತದೆ ನೋಡಿ. 1958ರ ಸ್ಮಾರಕ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಬೇಕು. ಇದ್ದ ಮನೆಯ ಗೋಡೆ ರಿಪೇರಿಗೂ ಅಪ್ಪಣೆ ಬೇಕು. ಆದರೆ ಇದೇ ಕಾಯಿದೆ ಸಾರ್ವಜನಿಕ ಕಕ್ಕಸನ್ನು 'ನಿರ್ಮಾಣ'ದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಪ್ರವಾಸಿಗೆಂದು ಕಟ್ಟಬಹುದು. ಪಕ್ಕದ ಮನೆಯ ಹೆಣ್ಣುಮಗಳು ತನ್ನ ಹಿತ್ತಲಲ್ಲಿ ಹೊಸದಾಗಿ ಒಂದು ಕಟ್ಟಿಕೊಳ್ಳುವ ಹಾಗಿಲ್ಲ. ಗುಡಿ ಉಳಿಯಲಿ, ನಾವೂ ಬಯಸುತ್ತೇವೆ. ಉಳಿಸುವ ಭಾರ ಅವಳೊಬ್ಬಳ ತಲೆ ಮೇಲೆ ಯಾಕೆ?

ಒಂದು ಊರನ್ನು ನಾಡಿಗೆಲ್ಲ ತೋರಿಸಿ ಹೆಸರು, ಹಣ ಗಳಿಸುವವರು ಆ ಊರಿಗೆ ಸಾಲಗಾರರು. ಸಾಲ ತೀರಿಸುವುದು ಹೇಗೆ ಅನ್ನುವುದೇ ಇಲ್ಲಿಯ ನ್ಯಾಯದ ಪ್ರಶ್ನೆ. ಮಾಹಿತಿ ಕೇಂದ್ರ ಬರಲಿ. ಅಲ್ಲಿ ಸಂಬಳಕ್ಕೆ ಕೂರುವವರಲ್ಲಿ ಕೇರಿಯ ಹುಡುಗಿಯೂ ಇರಲಿ. 'ಅವರಿಗೇನ್ ಗೊತ್ತೈತ್ರಿ ಇತಿಹಾಸ?' ಅನ್ನುವ ದೊಡ್ಡವರಿದ್ದಾರೆ. ಪುಲಿಕೇಶಿಯ ಇಸವಿ ನಾಲ್ಕು ದಿನದಲ್ಲಿ ಕಲಿಯಬಹುದು ಸ್ವಾಮಿ. ಯಾವ ಬಾವಿಗೆ ಯಾರು ಇಳಿಯುವಂತಿರಲಿಲ್ಲ, ಯಾವ ಗುಡಿಯ ಅಂಗಳದಲ್ಲಿ ಯಾರ ಅಜ್ಜಿ ಒಲೆ ಹೂಡಿದ್ದಳು, ಇದನ್ನು ನಿಮಗೆ ಯಾವ ವಿಶ್ವವಿದ್ಯಾಲಯ ಕಲಿಸುತ್ತದೆ? ಹಾಗಂತ ಅವಳನ್ನು ನೋವಿನ ಪ್ರದರ್ಶನಕ್ಕೂ ಕೂರಿಸಬೇಡಿ. ಏನು ಹೇಳಬೇಕು, ಏನು ಹೇಳಬಾರದು ಅನ್ನುವುದು ಅವಳ ಇಷ್ಟ.

ಇನ್ನೊಂದು. ಆ ಕಿಟಕಿ ಬಂದವರಿಗೆ ಮಾತ್ರ ತೆರೆಯುವುದು ಬೇಡ. ಬೆಂಗಳೂರಿನವನು ಬಸ್ಸಿನ ಹೊತ್ತು ಕೇಳಿದ ಕಿಟಕಿಯಲ್ಲೇ, ಮಳೆಗೆ ಗೋಡೆ ಬಿದ್ದ ಮುದುಕಿ ಬಂದು ತನ್ನ ಅರ್ಜಿ ಎಲ್ಲಿದೆ ಎಂದು ಕೇಳುವಂತಿರಬೇಕು. ಸ್ಮಾರಕ ಪ್ರಾಧಿಕಾರ ಇರುವುದು ದೆಹಲಿಯಲ್ಲಿ. ಅವಳಿಗೆ ಉತ್ತರ ಐಹೊಳೆಯಲ್ಲೇ, ಕನ್ನಡದಲ್ಲೇ ಸಿಗಬೇಕು.