ಇಂದಿನ ಚಿಂತನೆ: ಪದ್ಯ ಯಾರದ್ದಾದರೂ, ಅರ್ಥ ನಮ್ಮದಿರಲಿ



ಬಳಗದ ತಾಯಿಯೊಬ್ಬರ ಪ್ರಶ್ನೆ: "22 ಪ್ರತಿಜ್ಞೆ ಸ್ವೀಕರಿಸಿದ ಮನೆ ನಮ್ಮದು. ಶಾಲೆಯ ಯಕ್ಷಗಾನದಲ್ಲಿ ಮಗನಿಗೆ ಕೃಷ್ಣನ ವೇಷ ಸಿಕ್ಕಿದೆ. ಕಳಿಸುವುದೋ, ಬೇಡವೋ?"

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಇದು ಒಂದೇ ಮನೆಯ ಪ್ರಶ್ನೆಯಲ್ಲ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಚಂಡೆ ಕೇಳುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೇ ಹೆಜ್ಜೆ ಕಲಿಸುತ್ತಿದೆ. ರಾತ್ರಿಯಿಡೀ ಕೂತು ಆಟ ನೋಡದ ಹುಡುಗರ ಫೋನಿನಲ್ಲೂ ಕರ್ಣನದೋ ಭೀಷ್ಮನದೋ ಮಾತಿನ ತುಣುಕು ಸ್ಟೇಟಸ್ ಆಗಿರುತ್ತದೆ, ಹಿನ್ನೆಲೆಗೆ ಸಿನಿಮಾ ಸಂಗೀತ.

ಮೊದಲು ಪ್ರತಿಜ್ಞೆಯ ಮಾತು. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ ಪ್ರತಿಜ್ಞೆ ರಾಮ, ಕೃಷ್ಣರನ್ನು ದೇವರೆಂದು ನಂಬುವುದನ್ನೂ ಪೂಜಿಸುವುದನ್ನೂ ನಿರಾಕರಿಸುತ್ತದೆ. ವೇಷ ಕಟ್ಟುವುದು ಪೂಜೆಯಲ್ಲ. ಕಂಸನ ವೇಷ ಕಟ್ಟಿದವನು ಕಂಸನ ಭಕ್ತನಾಗುವುದಿಲ್ಲವಲ್ಲ! ಚೌಕಿಪೂಜೆಗೆ ಕೈಮುಗಿಯುವುದು ಬೇರೆ ವಿಷಯ. ಅಲ್ಲಿ ಮಗು ಸುಮ್ಮನೆ ನಿಲ್ಲಬಹುದು. ಅದನ್ನು ಮೇಷ್ಟ್ರಿಗೆ ಮೊದಲೇ ವಿನಯದಿಂದ ತಿಳಿಸಿಡುವುದು ಹೆತ್ತವರ ಕೆಲಸ.

ನಾಟಕ ನಮಗೆ ಹೊರಗಿನದೂ ಅಲ್ಲ. ಇಂದು ದೊರೆತಿರುವ ಅತಿ ಹಳೆಯ ಸಂಸ್ಕೃತ ನಾಟಕಗಳಲ್ಲಿ ಒಂದು, ಬೌದ್ಧ ಕವಿ ಅಶ್ವಘೋಷನ 'ಶಾರಿಪುತ್ರ ಪ್ರಕರಣ'. ಮಧ್ಯ ಏಷ್ಯಾದಲ್ಲಿ ಸಿಕ್ಕ ಅದರ ತಾಳೆಗರಿ ಚೂರುಗಳನ್ನು ಜರ್ಮನ್ ವಿದ್ವಾಂಸ ಲ್ಯೂಡರ್ಸ್ 1911ರಲ್ಲಿ ಪ್ರಕಟಿಸಿದರು. ಬ್ರಾಹ್ಮಣನಾದವನು ಕ್ಷತ್ರಿಯನಿಂದ ಉಪದೇಶ ಪಡೆಯಬಹುದೇ ಎಂದು ವಿದೂಷಕ ಕೆಣಕುತ್ತಾನೆ. ಮದ್ದು ಕೊಟ್ಟವನ ಜಾತಿ ಕೀಳೆಂದು ರೋಗ ವಾಸಿಯಾಗದೆ ಉಳಿಯುತ್ತದೆಯೇ ಎಂಬುದು ಶಾರಿಪುತ್ರನ ಉತ್ತರದ ತಿರುಳು.

ಯಕ್ಷಗಾನದಲ್ಲಿಯೂ ಇಂಥ ಮಾತಿಗೆ ಜಾಗವಿದೆ. ಭಾಗವತರು ಹಾಡುವ ಪದ್ಯ ಮೊದಲೇ ಬರೆದಿಟ್ಟದ್ದು; ಅರ್ಥ ಮಾತ್ರ ವೇಷಧಾರಿ ರಂಗದಲ್ಲೇ ಕಟ್ಟುವುದು. ಪದ್ಯದಲ್ಲಿ ಏಕಲವ್ಯ ಹೆಬ್ಬೆರಳು ಕೊಡಲಿ. "ಕಲಿಸದ ವಿದ್ಯೆಗೆ ಕಾಣಿಕೆ ಯಾಕೆ ಗುರುಗಳೇ?" ಎಂದು ಅರ್ಥದಲ್ಲಿ ಅವನು ಕೇಳಬಹುದು. ಶಾಲೆಯಲ್ಲಿ ಅರ್ಥವನ್ನೂ ಬರೆದುಕೊಡುತ್ತಾರೆ, ನಿಜ. ಆದರೆ ಒಂದು ದಿನ ಆ ಮಗು ತನ್ನದೇ ಅರ್ಥ ಹೇಳಬೇಕಾದರೆ ಇಂದು ಹೆಜ್ಜೆ ಕಲಿತಿರಬೇಕು.

ಶಂಬೂಕನ ವಧೆಯ ಹಿಂದೆ ಇರುವುದು ವರ್ಣವ್ಯವಸ್ಥೆಯೇ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದರು. ಕುವೆಂಪು ಅವರ 'ಶೂದ್ರ ತಪಸ್ವಿ'ಯಲ್ಲಿ (1944) ರಾಮನ ಬಾಣ ಶಂಬೂಕನನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. 'ಬೆರಳ್‌ಗೆ ಕೊರಳ್'ನಲ್ಲಿ (1947) ಏಕಲವ್ಯನ ತಾಯಿಗೆ ಮಾತು ಬರುತ್ತದೆ. ಪುರಾಣವನ್ನು ಹೀಗೆ ತಿರುಗಿಸುವುದಕ್ಕೆ ಮಾಸ್ತಿಯವರಂಥ ಹಿರಿಯರ ಆಕ್ಷೇಪವೂ ಇತ್ತು. ಆದರೂ ನಾಟಕ ಉಳಿಯಿತು.

ಹಾಗೆಂದು ಹೊಸದೆಲ್ಲ ಒಳ್ಳೆಯದಲ್ಲ. ರೀಲ್ಸಿನಲ್ಲಿ ತುಟಿ ಹುಡುಗನದು, ಅರ್ಥ ಇನ್ನೊಬ್ಬನದು. ಕುಲ ಎತ್ತಿ ಹೀಯಾಳಿಸುವ ಮಾತಿಗೂ ಗತ್ತು ಚೆನ್ನಾಗಿದೆಯೆಂದು ನಮ್ಮ ಹುಡುಗನೇ ತುಟಿ ಆಡಿಸುತ್ತಾನೆ. ಹೀಯಾಳಿಕೆ ತನಗೇ ಎಂಬುದು ಅವನಿಗೆ ಹೊಳೆಯುವುದಿಲ್ಲ. ಪರಂಪರೆ ಎಂಬ ಕಾರಣಕ್ಕೇ ಯಾವುದನ್ನೂ ಒಪ್ಪಬೇಡಿ, ಅದರಿಂದ ಹಿತವೋ ಅಹಿತವೋ ನೀವೇ ನೋಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದರು. ಲಕ್ಷ ಜನ ನೋಡಿದ ರೀಲ್ಸಿಗೂ ಇದೇ ಪರೀಕ್ಷೆ.

ಆದ್ದರಿಂದ ತಾಯಿಗೆ ನಮ್ಮ ಉತ್ತರ: ಕಳಿಸಿ. ಜೊತೆಗೆ ಮನೆಯಲ್ಲಿ ಕೂರಿಸಿಕೊಂಡು ಕೇಳಿ, "ಈ ಪ್ರಸಂಗದಲ್ಲಿ ಯಾರಿಗೆ ನೋವಾಯಿತು? ಅವರಿಗೆ ಮಾತು ಸಿಕ್ಕಿತಾ?"

ಇಂದಿನ ಅಭ್ಯಾಸ: ನಿಮ್ಮೂರ ಬಯಲಾಟವನ್ನು ತಾವು ಎಲ್ಲಿ ನಿಂತು ನೋಡುತ್ತಿದ್ದೆವೆಂದು ಮನೆಯ ಹಿರಿಯರು ಮಕ್ಕಳಿಗೆ ಹೇಳಲಿ. ವೇಷ ಕಟ್ಟುವ ಮಗುವಿಗೆ ಅದು ಗೊತ್ತಿರಬೇಕು.

ಭವತು ಸಬ್ಬ ಮಂಗಲಂ 🙏