ಕೈಪಂಪು ಮತ್ತು ಹೆಚ್ಚಿನ ಅಕ್ಕಿ

ಆಪತ್ತಿಗೆಂದು ಒಂದು ಸಾಧನವನ್ನು ಮೀಸಲಿಡುವುದು ವಿವೇಕವೋ, ನಾಳೆಯ ಭಯದಿಂದ ಹುಟ್ಟಿದ ಸಂಗ್ರಹಬುದ್ಧಿಯೋ? ಈ ಪ್ರಶ್ನೆಯನ್ನು ಒಂದು ಪುಟ್ಟ ಉಗಿಯಂತ್ರದ ಮುಂದಿಟ್ಟು ವಿಚಾರಿಸಬಹುದು.

ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಸ್ಥಾಪಿತವಾದದ್ದು 1885ರಲ್ಲಿ. ಅಲ್ಲಿನ ಉಗಿ ಎಂಜಿನುಗಳ ಕಾಲ ಮುಗಿದು ದಶಕಗಳಾದವು. 2020ರಲ್ಲಿ ತೆರೆದ ಆ ಊರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಈಗ ಬೆಂಕಿಯಿಲ್ಲದ ಎಂಜಿನನ್ನು ಕಾಣುತ್ತಾರೆ. ಅಮರಗೋಳ ನಿಲ್ದಾಣವನ್ನು ಹಾಯುವ ರೈಲಿನ ಸದ್ದು ಕೇಳುತ್ತ ಬೆಳೆದ ನವನಗರದ ಕುಶಲಿಯೊಬ್ಬನು, ಐದು ಅಂಗುಲ ಅಗಲದ ಹಳಿಯ ಮೇಲೆ ನಿಜವಾಗಿ ಓಡುವ ಕಿರು ಎಂಜಿನನ್ನು ಕಟ್ಟಿದನೆಂದು ಭಾವಿಸೋಣ. ಎಂಜಿನು ಆಟಿಗೆಯಂತೆ ಕಂಡರೂ ಅದರ ಬೆಂಕಿ ಆಟಿಗೆಯದಲ್ಲ.

ಬೆಂಕಿಗೂಡಿನ ಮೇಲ್ತಗಡು ಸದಾ ನೀರಿನಲ್ಲಿ ಮುಳುಗಿರಬೇಕು. ನೀರು ಇಳಿದು ತಗಡು ಬರಿದಾದರೆ ಲೋಹ ಮೆತ್ತಗಾಗಿ, ಒಳಗಿನ ಒತ್ತಡಕ್ಕೆ ಕುಸಿಯುತ್ತದೆ. ನೀರೂಡಲು ಎರಡು ಉಪಾಯಗಳು ರೂಢಿಯಲ್ಲಿವೆ. ಗಾಲಿಯ ಅಚ್ಚಿನಿಂದ ನಡೆಯುವ ಪಂಪು ಮೊದಲನೆಯದು. ಬಂಡಿ ನಿಂತರೆ ಅದೂ ನಿಂತಿತು. ಎರಡನೆಯದು ಫ್ರಾನ್ಸಿನ ಆನ್ರಿ ಜಿಫಾರನು 1858ರಲ್ಲಿ ರೂಪಿಸಿದ ಇಂಜೆಕ್ಟರು. ಉಗಿಯ ವೇಗದಿಂದಲೇ ನೀರನ್ನು ಬಾಯ್ಲರಿಗೆ ನೂಕುವ ಸೋಜಿಗದ ಸಾಧನ. ಆದರೆ ಕಿರು ಎಂಜಿನಿನಲ್ಲಿ ಅದರ ರಂಧ್ರ ಒಂದು ಮಿಲಿಮೀಟರಿನ ಆಸುಪಾಸು. ಒಂದು ಕಣ ಕಸ ಸಿಕ್ಕಿದರೂ, ತೊಟ್ಟಿಯ ನೀರು ಬಿಸಿಯಾದರೂ ಅದು ಕೈಕೊಡುತ್ತದೆ. ಆದುದರಿಂದಲೇ ನೀರಿನ ತೊಟ್ಟಿಯೊಳಗೆ ಒಂದು ಕೈಪಂಪನ್ನೂ ಕೂಡಿಸುತ್ತಾರೆ: ಒಂದು ದಂಡ, ಎರಡು ಗುಂಡಿನ ಕವಾಟ, ಒಂದು ಉದ್ದನೆಯ ಹಿಡಿಕೆ. ಬಾಯ್ಲರಿನಲ್ಲಿ ಚದರ ಅಂಗುಲಕ್ಕೆ 100 ಪೌಂಡು ಒತ್ತಡವಿದ್ದರೆ, ಅರ್ಧ ಅಂಗುಲ ವ್ಯಾಸದ ದಂಡ ಸುಮಾರು 20 ಪೌಂಡಿನ ಎದುರೊತ್ತಡವನ್ನು ಗೆಲ್ಲಬೇಕು. ಹಿಡಿಕೆ ಉದ್ದವಾಗಿದ್ದರೆ ಇದು ಮನುಷ್ಯನ ತೋಳಿಗೆ ಸಾಧ್ಯವಾದ ಕೆಲಸವೇ.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳಲ್ಲವೇ? ಹೌದು. ಆದರೆ ಅವಳು ಬೇಡವೆಂದದ್ದು ಅಗತ್ಯವನ್ನು ಮೀರಿ ಮನೆಗೆ ಬಂದ ಆಸೆಯ ಧಾನ್ಯವನ್ನು. ಕೈಪಂಪು ಯಾರ ಪಾಲನ್ನೂ ಕಸಿದು ತಂದದ್ದಲ್ಲ. ಎಂಜಿನಿನ ಹಿಂದೆ ನೆರೆಮನೆಯ ಮಕ್ಕಳು ಕುಳಿತಿರುತ್ತಾರೆ. ಅವರ ಕ್ಷೇಮ ನಡೆಸುವವನ ಭಾರ. ತನಗಾಗಿ ಕೂಡಿಡುವುದಕ್ಕೂ, ತನ್ನನ್ನು ನಂಬಿದವರಿಗಾಗಿ ಸಿದ್ಧನಿರುವುದಕ್ಕೂ ಇರುವ ಅಂತರವನ್ನು ಮರೆತರೆ ವೈರಾಗ್ಯವೇ ಬೇಜವಾಬ್ದಾರಿಯಾದೀತು.

ಇದಕ್ಕಿಂತ ಕಠಿನವಾದ ಶಂಕೆ ಬೇರೊಂದಿದೆ. ಕೈಪಂಪು ಇದೆಯೆಂಬ ಧೈರ್ಯದಿಂದ ಇಂಜೆಕ್ಟರನ್ನು ತೊಳೆಯದೆ ಬಿಡುವವನ ಗತಿಯೇನು? ಮೀಸಲು ಸಾಧನ ಅವನ ಎಚ್ಚರವನ್ನೇ ತಿಂದುಹಾಕುತ್ತದೆ. ಮೇಲಾಗಿ, ನೀರು ಮಾಪಕದ ಗಾಜಿನಿಂದ ಪೂರ್ತಿ ಮರೆಯಾದ ಮೇಲೆ ಪಂಪು ಒತ್ತತಕ್ಕದ್ದಲ್ಲ. ಕಾದ ತಗಡಿನ ಮೇಲೆ ನೀರು ಬಿದ್ದರೆ ಕೇಡು ಹೆಚ್ಚೀತು, ಆಗ ಬೆಂಕಿಯನ್ನು ಕೆಡವುವುದೊಂದೇ ದಾರಿ. ಎಂದರೆ ಕೈಪಂಪು ಮರೆವಿಗೆ ಮದ್ದಲ್ಲ, ನೋಡುತ್ತಿರುವವನಿಗೆ ಮಾತ್ರ ನೆರವು. ವರ್ಷವೆಲ್ಲ ಮುಟ್ಟದೆ ಬಿಟ್ಟ ಪಂಪಿನ ರಬ್ಬರು ಬಿರಿಯುತ್ತದೆ, ಗುಂಡು ಕವಾಟಕ್ಕೆ ಅಂಟಿಕೊಳ್ಳುತ್ತದೆ. ಅಂಥದು ಬರಿಯ ಸಂಗ್ರಹವೇ ಸರಿ.

ಬಲ್ಲವರು ಆದುದರಿಂದ ಅದನ್ನು ಆಪತ್ತಿಗೆಂದೇ ಎತ್ತಿಡುವುದಿಲ್ಲ. ಹೊಸ ಬಾಯ್ಲರಿಗೆ ತಣ್ಣೀರು ತುಂಬಿ, ನಡೆಯುವ ಒತ್ತಡಕ್ಕಿಂತ ಬಹಳ ಮೇಲಕ್ಕೇರಿಸಿ ಪರೀಕ್ಷಿಸುವುದು ಕೈಪಂಪಿನಿಂದಲೇ. ಓಡಿಸುವ ದಿನ ಬೆಂಕಿ ಹೊತ್ತಿಸುವ ಮುನ್ನ ಹಿಡಿಕೆಯನ್ನು ಹತ್ತಾರು ಬಾರಿ ಒತ್ತಿ, ಗುಂಡು ಟಕ್ಕೆಂದು ಕೂರುವ ಸದ್ದನ್ನು ಕಿವಿಗೊಟ್ಟು ಕೇಳಿ, ಅನಂತರವೇ ಕಡ್ಡಿ ಗೀರುತ್ತಾರೆ.